ಒಂದು ವಿಷವೂ ಅದರ ಪ್ರತಿವಿಷವೂ

ಹರಿತಾಳ, ಮನಃಶಿಲೆ ಎಂಬ ಹೆಸರುಗಳು ರಸಶಾಸ್ತ್ರವನ್ನು ಓದಿದವರಿಗೆ ಹೊಸವಲ್ಲ. ಪಾಶ್ಚಾತ್ಯರು ಆರ್ಸೆನಿಕ್ ಎಂದು ಕರೆಯುವ ಪಾಷಾಣಧಾತುವು ಈ ಎರಡರಲ್ಲಿಯೂ ಗಂಧಕದೊಡನೆ ಕೂಡಿಕೊಂಡಿದೆ. ಗಂಧಕವನ್ನು ಕಂಡರೆ ಪಾಷಾಣವು ಬಿಡದು. ಈ ಹಳೆಯ ಸ್ನೇಹವೇ ಇಪ್ಪತ್ತನೆಯ ಶತಮಾನದ ಒಂದು ಘೋರ ವಿಷಕ್ಕೆ ಬಲವಾಯಿತು. ಅದರ ಪರಿಹಾರಕ್ಕೂ ದಾರಿಯಾಯಿತು.

ಅಮೆರಿಕಾದ ವಾಷಿಂಗ್ಟನ್ ಪಟ್ಟಣದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಜೂಲಿಯಸ್ ನ್ಯೂಲ್ಯಾಂಡ್ ಎಂಬ ಕ್ರೈಸ್ತ ಸನ್ಯಾಸಿಯು ಅಸಿಟಿಲೀನ್ ಅನಿಲವನ್ನು ಕುರಿತು ವ್ಯಾಸಂಗ ಮಾಡುತ್ತಿದ್ದರು. ಒಂದು ಪ್ರಯೋಗದಲ್ಲಿ ಹುಟ್ಟಿದ ಪಾಷಾಣದ್ರವ್ಯವು ಅವರನ್ನು ಕೆಲವು ದಿನ ಆಸ್ಪತ್ರೆಯಲ್ಲಿ ಮಲಗಿಸಿತು. 1904ರ ತಮ್ಮ ಪ್ರಬಂಧದಲ್ಲಿ ಅದನ್ನು ನಮೂದಿಸಿ, ಮತ್ತೆ ಆ ಕಡೆಗೆ ತಿರುಗದೆ ಅವರು ಬೇರೆ ಕೆಲಸಕ್ಕೆ ತೊಡಗಿದರು. ಆದರೆ ಬರೆದದ್ದು ಅಳಿಯಲಿಲ್ಲ. 1918ರಲ್ಲಿ ಯುದ್ಧವಿಷಗಳನ್ನು ಅರಸುತ್ತಿದ್ದ ವಿನ್‌ಫರ್ಡ್ ಲೀ ಲೂಯಿಸ್ ಎಂಬವರಿಗೆ, ನ್ಯೂಲ್ಯಾಂಡರ ಗುರುಗಳಾಗಿದ್ದ ಗ್ರಿಫಿನ್ ಪಾದ್ರಿಗಳು ಆ ಪ್ರಬಂಧವನ್ನು ತೋರಿದರು. ವಿಷಕ್ಕೆ ಲ್ಯೂಯಿಸೈಟ್ ಎಂದು ಹೆಸರಾಯಿತು. ನ್ಯೂಲ್ಯಾಂಡರ ಹೆಸರು ಅದಕ್ಕೆ ಅಂಟದೆ ಹೋದುದನ್ನು ಅವರ ಪುಣ್ಯವೆನ್ನಬೇಕು. ಚರ್ಮಕ್ಕೆ ಸೋಂಕಿದೊಡನೆಯೇ ಉರಿಯೆಬ್ಬಿಸಿ, ಬೊಬ್ಬೆಗಳನ್ನೇಳಿಸಿ, ಕಣ್ಣನ್ನು ಕೆಡಿಸುವ ದ್ರವವದು. 1918ರ ನವೆಂಬರ್ 11ರಂದು ಯುದ್ಧವು ನಿಂತುದರಿಂದ ಅಂದು ಪ್ರಯೋಗಕ್ಕೆ ಬರಲಿಲ್ಲ. ಬಳಿಕ ಜಪಾನು ಓಕುನೊಶಿಮ ದ್ವೀಪದಲ್ಲಿ ಅದನ್ನು ತಯಾರಿಸಿತು. ಆ ಸೇನೆಯು ಚೀನಾದಲ್ಲಿ ಬಿಟ್ಟುಹೋದ ವಿಷಭಾಂಡಗಳು ಇಂದಿಗೂ ನೆಲದಿಂದ ಹೊರಬರುತ್ತಿವೆ.

ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಎಂಬ ಪಂಡಿತರು ಪಾರಿವಾಳಗಳಿಗೆ ಬಿ1 ಜೀವಸತ್ತ್ವವನ್ನು ತಪ್ಪಿಸಿ, ದೇಹವು ಪೈರುವಿಕ್ ಆಮ್ಲವನ್ನು ದಹಿಸಿಕೊಳ್ಳುವ ಕ್ರಮವನ್ನು ಪರೀಕ್ಷಿಸುತ್ತಿದ್ದರು. ಯುದ್ಧವಿಷಕ್ಕೂ ಪಾರಿವಾಳಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಪಾಷಾಣವು ಕೆಡಿಸುವುದೂ ಈ ದಹನವನ್ನೇ. ಜೀವಕೋಶದ ಕಿಣ್ವಗಳಲ್ಲಿರುವ ಗಂಧಕವನ್ನು ಅದು ಹಿಡಿದುಕೊಂಡರೆ ಕೋಶದ ಒಲೆಯು ಆರಿಹೋಗುತ್ತದೆ. ಅಕ್ಕಪಕ್ಕದ ಎರಡು ಗಂಧಕಗಳು ಸಿಕ್ಕರೆ ಹಿಡಿತವು ಇನ್ನೂ ಬಿಗಿ. ಹಾಗಾದರೆ ಅಂಥ ಜೋಡಿ ಗಂಧಕವುಳ್ಳ ಬೇರೊಂದು ಚಿಕ್ಕ ದ್ರವ್ಯವನ್ನು ಒಡ್ಡಿದರೆ ಪಾಷಾಣವು ಕಿಣ್ವವನ್ನು ಬಿಟ್ಟು ಅದಕ್ಕೆ ಅಂಟೀತಲ್ಲವೆ? ಸ್ಟಾಕೆನ್ ಮತ್ತು ಥಾಮ್ಸನ್ ಎಂಬ ಸಹೋದ್ಯೋಗಿಗಳು 1940ರಲ್ಲಿ ಅಂಥದೊಂದನ್ನು ಮಾಡಿಯೇ ಬಿಟ್ಟರು. ಯುದ್ಧಕಾಲದಲ್ಲಿ ಗುಟ್ಟಾಗಿದ್ದ ಈ ಪ್ರತಿವಿಷವು 1945ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಡೈಮರ್ಕ್ಯಾಪ್ರಾಲ್ ಎಂಬುದು ಅದರ ಹೆಸರು.

ಆ ಮದ್ದು ರಣರಂಗಕ್ಕಿಂತ ಆಸ್ಪತ್ರೆಯಲ್ಲಿಯೇ ಹೆಚ್ಚು ಕೆಲಸಕ್ಕೆ ಬಂದಿತು. ಪಾದರಸ ಮೊದಲಾದ ಲೋಹಗಳ ವಿಷವನ್ನೂ ಅದು ಸೆಳೆದು ಹೊರಹಾಕಿತು. ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ ತಾಮ್ರವು ಸಂಚಯವಾಗಿ ಕೈಕಾಲು ನಡುಗುವ ವಿಲ್ಸನ್ನನ ರೋಗಕ್ಕೆ ಅದುವರೆಗೆ ಮದ್ದಿರಲಿಲ್ಲ. 1951ರಲ್ಲಿ ಈ ಚಿಕಿತ್ಸೆಯಿಂದ ರೋಗಿಗಳು ಸುಧಾರಿಸಿದ ವರದಿಗಳು ಬಂದವು. ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿ ಮಾಂಸಖಂಡದ ಆಳಕ್ಕೆ ಚುಚ್ಚುವ ಔಷಧವದು, ನೋವು ಬಹಳ. ಇಂಗ್ಲೆಂಡಿನ ಜಾನ್ ವಾಲ್ಷ್ ಎಂಬ ವೈದ್ಯರು 1956ರಲ್ಲಿ ಬಾಯಿಂದ ನುಂಗುವ ಪೆನಿಸಿಲಮೀನ್ ಎಂಬ ಔಷಧವನ್ನು ಬಳಕೆಗೆ ತಂದರು. ಅದರಲ್ಲಿಯೂ ತಾಮ್ರವನ್ನು ಹಿಡಿಯುವುದಕ್ಕೆ ನೆರವಾಗುವುದು ಗಂಧಕವೇ.