ಎಂಟನೆಯ ಗುಳಿ

ಕಾಲೇಜಿನ ಲ್ಯಾಬಿನಲ್ಲಿ ಟರ್ಬೊ ಸಿಯ ನೀಲಿ ಪರದೆಯ ಮುಂದೆ ಕೂತು ನಾನು ಮೊದಲು ಬರೆಸಿದ ಹೆಸರು ಅಜ್ಜಿಯದು. ಇಂಗ್ಲಿಷಿನಲ್ಲಿ ಶಾರದಾಗೆ ಏಳಕ್ಷರ. ಅಜ್ಜಿಯ ಅಳಗುಳಿಮಣೆಯ ಸಾಲಿಗೂ ಏಳೇ ಗುಳಿ. ನಾನೂ ಏಳೇ ಗುಳಿಯ ಅರೇ ಮಾಡಿದೆ. ಕಂಪೈಲರ್ ತಕರಾರು ತೆಗೆಯಲಿಲ್ಲ. ಓಡಿಸಿದರೆ ಶಾರದಾ ಬಂತು. ಬೆನ್ನಿಗೇ ಒಂದು ನಗುಮುಖ, ಎರಡು ಇಸ್ಪೀಟಿನ ಆಟೀನು, ಕೊನೆಗೆ ಪೆಟ್ಟಿಗೆಯೊಳಗಿಂದ ‘ಪೀಂ’!

"ಸೊನ್ನೆಗೆ ಜಾಗ ಎಲ್ಲಯ್ಯಾ ಇಟ್ಟಿದ್ದೀಯ?" ಅಂದರು ಮೇಷ್ಟ್ರು.

ಹೆಸರು ಎಲ್ಲಿ ಮುಗಿಯಿತೆಂದು ಸಿ ಭಾಷೆಗೆ ತಾನಾಗಿ ತಿಳಿಯದು. ಕೊನೆಯ ಅಕ್ಷರದ ಪಕ್ಕ ಸೊನ್ನೆಯ ಬೈಟ್ ಕೂತಿರಬೇಕು. ಅಳಗುಳಿಯಲ್ಲೂ ಅಷ್ಟೇ: ಖಾಲಿ ಗುಳಿ ಎದುರಾದರೇನೇ ಅಜ್ಜಿಯ ಸರದಿ ಮುಗಿಯುತ್ತಿದ್ದುದು. ಅಲ್ಲಿಯವರೆಗೆ ಅವಳ ಹುಣಸೆಬೀಜಗಳು ನನ್ನ ಸಾಲಿಗೂ ನಡೆದುಬರುತ್ತಿದ್ದವು. ಪರದೆಗೆ ಹೆಸರು ಬರೆಯುವ ಪ್ರಿಂಟ್‌ಎಫ್ ಕೂಡ ಹಾಗೆಯೇ, ಸೊನ್ನೆ ಸಿಗುವತನಕ ಪಕ್ಕದವರ ಗುಳಿಯನ್ನೂ ಹೆಸರೆಂದೇ ಓದುತ್ತದೆ.

1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಕಟ್ಟಿದ ಡೆನಿಸ್ ರಿಚಿಗೆ ಬೇರೆ ದಾರಿ ಗೊತ್ತಿರಲಿಲ್ಲವೆಂದಲ್ಲ. ಸಿಯ ಅಜ್ಜಿ ಬಿಸಿಪಿಎಲ್ ಅಕ್ಷರಗಳ ಲೆಕ್ಕವನ್ನು ಮೊದಲೇ ಬರೆದಿಡುತ್ತಿತ್ತು. ಲೆಕ್ಕ ಬರೆಯುವ ಜಾಗವೇ ಚಿಕ್ಕದಾದರೆ ಮಾತಿಗೂ ಮಿತಿ. ಅದಕ್ಕಿಂತ ಕೊನೆಗೊಂದು ಗುರುತೇ ಸಲೀಸು ಎನಿಸಿತು ಅವರಿಗೆ. ಲೆಕ್ಕವಿದ್ದರೂ ತಾಳೆ ನೋಡಬೇಕಷ್ಟೆ. 2014ರಲ್ಲಿ ಬಯಲಾದ ಭದ್ರತಾದೋಷ ಹಾರ್ಟ್‌ಬ್ಲೀಡ್ ಅಂಥದ್ದೇ: ಚಿಟಿಕೆಯಷ್ಟು ಮಾತು ಕೊಟ್ಟವನು ‘ಕೊಟ್ಟಿದ್ದು 64 ಕಿಲೋಬೈಟ್, ವಾಪಸ್ ತಾ’ ಎಂದರೆ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶ ನಂಬಿ, ಅಕ್ಕಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಅಳೆದು ಕೊಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡೂ ಇರಬಹುದಿತ್ತು.

ಕಾಲೇಜಿನ ಆ ವರ್ಷ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಮರೆವು ಹಿಡಿದಿತ್ತು. ಡಾಕ್ಟರು "ಹೆಸರೇನಮ್ಮಾ?" ಎಂದರೆ "ಶಾರದಾ" ಎಂದು ನಿಲ್ಲುತ್ತಿರಲಿಲ್ಲ. ತವರಿನ ಬಾವಿ, ಬಾವಿಕಟ್ಟೆಯಲ್ಲಿ ಮರೆತ ಬಳೆ, ಹಾಯಲು ಬರುತ್ತಿದ್ದ ಗೌರಿ ಹಸು, ಒಲೆಯ ಮೇಲಿನ ಹಾಲು ಎಲ್ಲವೂ ಹೆಸರಿನ ಹಿಂದೆಯೇ ಸಾಲುಗಟ್ಟಿ ಬರುತ್ತಿದ್ದವು. "ಸಾಕು ಬಿಡಮ್ಮ, ಕೇಳಿದ್ದು ಹೆಸರಷ್ಟೇ" ಎಂದು ಅಪ್ಪ ಸೊನ್ನೆ ಹಾಕುತ್ತಿದ್ದರು. ಡಾಕ್ಟರು ಗಡಿಯಾರ ನೋಡುತ್ತಿದ್ದರು. ನಾನು ಮಾತ್ರ ‘ಪೀಂ’ ನೆನೆದು ನಗು ತಡೆದುಕೊಳ್ಳುತ್ತಿದ್ದೆ.

ಈಗ ಅರೇ ಮಾಡುವಾಗೆಲ್ಲ ಒಂದು ಗುಳಿ ಹೆಚ್ಚಿಗೇ ತೋಡುತ್ತೇನೆ. ಮೊನ್ನೆ ಟ್ರಂಕಿನಲ್ಲಿ ಅಜ್ಜಿಯ ಮರಣ ಪ್ರಮಾಣಪತ್ರ ಸಿಕ್ಕಿತು. ಹೆಸರಿನ ಮುಂದೆ ಶಾರದಾ, ಆಮೇಲೆ ದುಂಡನೆಯದೊಂದು ಚುಕ್ಕಿ. ಗುಮಾಸ್ತರು ಶಿಸ್ತಾಗಿ ಮುಗಿಸಿದ್ದರು. ಆದರೂ ಚುಕ್ಕಿ ದಾಟಿದ ಕಣ್ಣು ಪಕ್ಕದ ಖಾಲಿ ಜಾಗದಲ್ಲಿ ಗೌರಿಯನ್ನು ಹುಡುಕುತ್ತಿತ್ತು.