ನಾಲಗೆಯ ನಂಟು

ತಾಯಿಯ ಕೈ ಉಣಿಸಿದ ರುಚಿಯನ್ನು ಮನುಷ್ಯ ಸಾಯುವವರೆಗೂ ಮರೆಯಲಾರ. ಆ ರುಚಿಯಲ್ಲೇ ಕೇಡು ಅಡಗಿದ್ದರೆ ಬಿಡಿಸುವವರಾರು? ಥಾಯ್ಲೆಂಡಿನ ಈಶಾನ್ಯ ಸೀಮೆಯಾದ ಇಸಾನಿನಲ್ಲಿ ವೈದ್ಯರು ದಶಕಗಳಿಂದ ಎದುರಿಸುತ್ತಿರುವ ಪ್ರಶ್ನೆ ಇದೇ.

ಕೆರೆ ಹೊಳೆಗಳ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ, ನಿಂಬೆಯ ರಸ, ಮೆಣಸಿನಕಾಯಿ, ಸೊಪ್ಪುಗಳನ್ನು ಬೆರೆಸಿದರೆ ಅಲ್ಲಿಯ ‘ಕೋಯ್ ಪ್ಲಾ’ ಸಿದ್ಧ. ಅಂಟು ಅನ್ನದೊಡನೆ ನೆಂಟರಿಷ್ಟರೆಲ್ಲ ಕೂಡಿ ಉಣ್ಣುವ ಅಗ್ಗದ ಊಟವದು. ನಿಂಬೆಯ ಹುಳಿಗೆ ಮೀನಿನೊಳಗಿನ ಕ್ರಿಮಿ ಸಾಯದು. ಎಲೆಯಂತೆ ಚಪ್ಪಟೆಯಾದ ಆ ಹುಳು ಉಂಡವನ ಪಿತ್ತನಾಳದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬಾಳುತ್ತದೆ. ಅದರ ಮೊಟ್ಟೆ ಮಲದೊಡನೆ ನೀರು ಸೇರುತ್ತದೆ; ಬಸವನಹುಳುವಿನ ಒಡಲಲ್ಲಿ ಮರಿಯಾಗಿ, ಮೀನಿಗೆ ದಾಟಿ, ಮತ್ತೆ ತಟ್ಟೆಗೇ ಬರುತ್ತದೆ. ಈ ಹುಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲಿ ನಿರ್ಣಯಿಸಿತು.

ಖೋನ್ ಕೇನ್ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ನರೋಂಗ್ ಖುಂತಿಕೇವ್ ಅವರ ತಂದೆ ತಾಯಿಯರಿಬ್ಬರೂ ಈ ಊಟವನ್ನುಂಡವರು. ಇಬ್ಬರನ್ನೂ ಯಕೃತ್ತಿನ ಕ್ಯಾನ್ಸರ್ ಬಲಿ ತೆಗೆದುಕೊಂಡಿತು. ನೋವು ತಲೆದೋರಿ ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಬಹುಪಾಲು ಕಾಲ ಮಿಂಚಿರುತ್ತದೆ. ಆದುದರಿಂದ ಅವರೂ ಅವರ ಸಂಗಡಿಗರೂ ಅಲ್ಟ್ರಾಸೌಂಡ್ ಯಂತ್ರಗಳನ್ನೂ ಮೂತ್ರಪರೀಕ್ಷೆಯ ಸಲಕರಣೆಗಳನ್ನೂ ಹೊತ್ತು ಹಳ್ಳಿಗಳಿಗೇ ನಡೆದರು.

ಮಲದ ಮಾದರಿಯನ್ನು ಸೂಕ್ಷ್ಮದರ್ಶಕದಡಿಯಿಟ್ಟು ಮೊಟ್ಟೆಗಳನ್ನು ಎಣಿಸಬಹುದು. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಹುಳುವನ್ನು ಕೊಲ್ಲಲೂಬಹುದು. ಆದರೆ ಗುಣವಾದವನು ಮರಳಿ ಅದೇ ಊಟಕ್ಕೆ ಕುಳಿತರೆ ಹುಳುವೂ ಮರಳಿ ಬರುತ್ತದೆ. ಬೇಯಿಸಿ ತಿನ್ನಿರೆಂದರೆ ರುಚಿ ಕೆಡುವುದೆಂದು ಹಿರಿಯರು ತಲೆಯಲ್ಲಾಡಿಸುತ್ತಾರೆ. ಸಾವಿಗೆ ಬೇರೆ ದಾರಿಗಳಿಲ್ಲವೇ ಎಂದು ಕೇಳುವವರೂ ಉಂಟು.

ಖೋನ್ ಕೇನ್ ಸಮೀಪದ ಲಾವಾ ಸರೋವರದ ಸುತ್ತಣ ಹಳ್ಳಿಗಳಲ್ಲಿ ವಿಜ್ಞಾನಿ ಬಂಚೋಬ್ ಶ್ರೀಪಾ ಮತ್ತು ಅವರ ಸಂಗಡಿಗರು ತಾಳ್ಮೆಯ ದಾರಿ ಹಿಡಿದರು. ಜನರಿಗೆ ಮಾತ್ರೆ, ಮಕ್ಕಳಿಗೆ ಶಾಲೆಯಲ್ಲಿ ಪಾಠ, ಊರಿನ ಸ್ವಯಂಸೇವಕರಿಂದ ಮನೆಮನೆಗೆ ತಿಳಿವಳಿಕೆ. ಹುಳುವಿಗೆ ಆಸರೆ ನೀಡುವ ಬೆಕ್ಕು ನಾಯಿಗಳ ಮೇಲೂ, ಸರೋವರದ ಮೀನಿನ ಮೇಲೂ ಕಣ್ಣು. ಅಲ್ಲಿ ಮೊದಲು ಸರಾಸರಿ ಶೇಕಡಾ 60ರಷ್ಟಿದ್ದ ಸೋಂಕು 2015ರ ಹೊತ್ತಿಗೆ ಅದರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿತ್ತು.

ಈ ಅಂಕಿಗಳ ಹಿಂದೆ ಎಷ್ಟು ಮನೆಗಳ ಒಲೆಗಳಿವೆ! ಪಾಠ ಕಲಿತು ಬಂದ ಮೊಮ್ಮಗಳ ಮಾತಿಗೆ ಮಣಿದು, ಅಜ್ಜಿಯೊಬ್ಬಳು ಕೊಚ್ಚಿದ ಮೀನನ್ನು ಬಾಣಲೆಗೆ ಹಾಕುವ ಆ ಗಳಿಗೆಯಲ್ಲಿಯೇ ಸಮೀಕ್ಷೆಯ ಶ್ರಮ ಸಾರ್ಥಕ.