ಕಾಯಿಸಿ ಬಿಡಿಸುವ ಬೋಲ್ಟು

ಲಾರಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು ಮುರಿದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ ಬೆಳಗಿನ ಜಾವ ಚಾಲೂ ಆದೊಡನೆ ಒಂದು ಪಕ್ಕದಿಂದ ಟಿಕ್ ಟಿಕ್ ಎಂಬ ಸದ್ದು ಹೊರಡುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಚುರುಕಾಗುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಇಲ್ಲವಾಗುತ್ತದೆ, ಏಕೆಂದರೆ ಕಾದು ಹಿಗ್ಗಿದ ಲೋಹ ಸಂದನ್ನು ತಾನೇ ಮುಚ್ಚಿಕೊಂಡಿರುತ್ತದೆ. ಇದನ್ನು ಟ್ಯಾಪೆಟ್ ಸದ್ದೆಂದು ತಿಳಿದು ವಾಲ್ವ್ ಕವರ್ ಬಿಚ್ಚಿ ದಿನ ಕಳೆದವರು ಬಹಳ. ಟಾರ್ಚು ಹಿಡಿದು ಮ್ಯಾನಿಫೋಲ್ಡಿನ ತುದಿ ನೋಡಿದರೆ ಪ್ಯಾಕಿಂಗಿನ ಅಂಚಿನಿಂದ ಸಿಲಿಂಡರ್ ಹೆಡ್ಡಿನ ಮೇಲೆ ಬೀಸಣಿಗೆಯಂತೆ ಹರಡಿದ ಮಸಿ ಕಾಣುತ್ತದೆ. ಮಸಿ ಇದ್ದ ಕಡೆ ಸಂದು ಇದೆ, ಸಂದಿನ ಹತ್ತಿರ ಮುರಿದ ಬೋಲ್ಟು, ಅಂದರೆ ಸ್ಟಡ್, ಇದೆ.

ಸದ್ದೊಂದೇ ಆದರೆ ಸಹಿಸಬಹುದು. ಟರ್ಬೊ ಇರುವ ಇಂಜಿನ್ನಿನಲ್ಲಿ ಈ ಸಂದು ಟರ್ಬೊಗಿಂತ ಮುಂಚೆಯೇ ಹೊಗೆಯನ್ನು ಹೊರಗೆ ಬಿಡುತ್ತದೆ. ಟರ್ಬೊದ ಚಕ್ರ ತಿರುಗಿಸಬೇಕಾದ ಒತ್ತಡ ಗಾಳಿಯ ಪಾಲಾಗುತ್ತದೆ. ಎಳೆತ ಕುಂದುತ್ತದೆ, ಹೊಗೆ ಕಪ್ಪಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಕ್ಯಾಬಿನ್ನಿಗೆ ಹೊಗೆ ನುಗ್ಗಿದರೆ ಡ್ರೈವರನ ಪ್ರಾಣಕ್ಕೇ ಕೇಡು.

ತಮಿಳುನಾಡಿನ ವೇದಸಂದೂರು ಇಂಥ ಸದ್ದಿಗೆ ಕಿವಿ ಪಳಗಿಸಲು ತಕ್ಕ ಊರು. ಕರೂರಿನಿಂದ ದಿಂಡಿಗಲ್ಲಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಅದು ಸಿಗುತ್ತದೆ. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗುವವರೆಗೆ ಇದೇ 7ನೇ ಹೆದ್ದಾರಿ. ಬೆಂಗಳೂರು, ಹೊಸೂರು, ಸೇಲಂ ಕಡೆಯಿಂದ ಮಧುರೆಗೆ, ತೂತ್ತುಕುಡಿ ಬಂದರಿಗೆ ಹೋಗುವ ಬಹಳಷ್ಟು ಲೋಡು ಈ ದಾರಿ ಹಿಡಿಯುತ್ತದೆ. ಲಾರಿಗಳಿಗೆ ಬಾಡಿ ಕಟ್ಟುವ ನಾಮಕ್ಕಲ್ ಕೂಡ ಇದೇ ಸಾಲಿನ ಮೇಲಿದೆ. ದಿಂಡಿಗಲ್ ದಾಟಿ ಪಶ್ಚಿಮಕ್ಕೆ ತಿರುಗಿದರೆ ತೇನಿ, ಅದರಾಚೆ ದ್ರಾಕ್ಷಿ ತೋಟಗಳ ಕಂಬಂ ಕಣಿವೆ. ಅಲ್ಲಿ ಕಪ್ಪಿಲಿಯರ್ ಎಂದು ಹೆಸರಾದ ಒಕ್ಕಲಿಗರ ಮನೆಮಾತು ಇಂದಿಗೂ ಕನ್ನಡ. ಲಾರಿ ರಿಪೇರಿಯ ಮಾತಿಗಂತೂ ಭಾಷೆಯ ಗಡಿಯೇ ಇಲ್ಲ: ಸ್ಟಡ್, ನಟ್, ಟ್ಯಾಪ್, ಪ್ಯಾಕಿಂಗ್ ಎಂದರೆ ಎಲ್ಲರಿಗೂ ಗೊತ್ತು. ಥ್ರೆಡ್ಡಿಗೆ ಮಾತ್ರ ತಮಿಳರಲ್ಲಿ 'ಮರೈ' ಎಂಬ ಚೆಂದದ ಮಾತಿದೆ.

ಬೋಲ್ಟು ಮುರಿಯುವ ಕಾರಣವನ್ನು ಕಣಿವೆಯ ಸುತ್ತಲಿನ ಘಟ್ಟಗಳಲ್ಲಿ ನೋಡಬಹುದು. ಗೂಡಲೂರು ಕಳೆದು ಕುಮಳಿಗೆ ಏರುವ ದಾರಿಯಲ್ಲಾಗಲಿ, 17 ಹೇರ್‌ಪಿನ್ ತಿರುವುಗಳ ಬೋಡಿಮೆಟ್ಟಿನಲ್ಲಾಗಲಿ, ಲೋಡು ಹೊತ್ತ ಲಾರಿ ಸಣ್ಣ ಗೇರಿನಲ್ಲಿ ಹತ್ತುವಾಗ ಎಕ್ಸಾಸ್ಟ್ ಹೊಗೆಯ ಬಿಸಿ 500ರಿಂದ 700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇಳಿಯುವಾಗ ಡೀಸೆಲ್ ನಿಂತು, ಅದೇ ಲೋಹ ತಣ್ಣಗಾಗುತ್ತದೆ. ಎಂಬತ್ತು ಸೆಂಟಿಮೀಟರ್ ಉದ್ದದ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ 400 ಡಿಗ್ರಿ ಹೆಚ್ಚು ಕಾದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹಿಡಿದಿರುವ ಹೆಡ್ಡಿನೊಳಗೆ ನೀರು ಹರಿಯುವುದರಿಂದ ಅದರ ಹಿಗ್ಗು ಒಂದು ಮಿಲಿಮೀಟರಿಗೂ ಕಡಿಮೆ. ಈ ವ್ಯತ್ಯಾಸದ ಎಳೆದಾಟವೆಲ್ಲ ಬೀಳುವುದು ಇವೆರಡನ್ನೂ ಹಿಡಿದ ಸ್ಟಡ್‌ಗಳ ಮೇಲೆ. ಅದಕ್ಕೇ ಆರು ಸಿಲಿಂಡರಿನ ಮ್ಯಾನಿಫೋಲ್ಡನ್ನು ಎಷ್ಟೋ ಕಡೆ ಎರಡು ಮೂರು ತುಂಡುಗಳಾಗಿ ಮಾಡಿ ಒಂದರೊಳಗೊಂದು ಜಾರುವಂತೆ ಕೂರಿಸುತ್ತಾರೆ. ಆ ಜಾರುವ ಕೀಲು ಮಸಿ, ತುಕ್ಕು ತುಂಬಿ ಕಚ್ಚಿಕೊಂಡ ದಿನ ಮೊದಲು ಹೋಗುವುದು ತುದಿಯ ಸ್ಟಡ್, ಏಕೆಂದರೆ ಅತಿ ಹೆಚ್ಚು ಸರಿದಾಟ ಇರುವುದು ತುದಿಯಲ್ಲಿ. ಟರ್ಬೊ ಅಥವಾ ಸೈಲೆನ್ಸರ್ ಪೈಪಿನ ಭಾರ ಹೊರುವ ಬ್ರಾಕೆಟ್ ಕಳಚಿಹೋಗಿದ್ದರೂ ಇದೇ ಗತಿ.

ಬಿಚ್ಚುವ ಕೆಲಸ ಹಿಂದಿನ ದಿನವೇ ಶುರುವಾಗಬೇಕು. ಉಳಿದ ನಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು ಒಳ್ಳೆಯದು. ಒಂದು ಮುರಿದದ್ದನ್ನು ತೆಗೆಯಲು ಹೋಗಿ ಇನ್ನೆರಡು ಮುರಿದುಕೊಳ್ಳುವುದು ಅವಸರದವರ ಕೆಲಸ. ಮ್ಯಾನಿಫೋಲ್ಡ್ ಇಳಿದ ಮೇಲೆ ಹೆಡ್ಡಿನ ಮುಖ ಒರೆಸಿ ನೋಡಿದರೆ ಮುಂದಿನ ದಾರಿ ತಿಳಿಯುತ್ತದೆ. ಸ್ಟಡ್ ಬೆರಳಷ್ಟು ಹೊರಗಿದ್ದರೆ ಅದೃಷ್ಟ. ಮುಖಕ್ಕೆ ಸಮನಾಗಿ ಮುರಿದಿದ್ದರೂ ಭರವಸೆ ಬಿಡಬೇಕಿಲ್ಲ.

ಇಲ್ಲಿಂದ ಈ ಕಸುಬಿನ ಅತ್ಯಂತ ಸೊಗಸಾದ ಭಾಗ. ಬೋಲ್ಟನ್ನು ಮುರಿದ ಬಿಸಿಯೇ ಅದನ್ನು ಬಿಡಿಸಲೂ ಬರುತ್ತದೆ. ಬ್ಯಾಟರಿಯ ತಂತಿ ಕಳಚಿ, ವೆಲ್ಡಿಂಗಿನ ಅರ್ಥ್ ಹಿಡಿಕೆಯನ್ನು ಹೆಡ್ಡಿಗೇ ಹತ್ತಿರ ಕಚ್ಚಿಸಬೇಕು. ಹೊಸ ಲಾರಿಗಳಲ್ಲಿ ಇಸಿಯು ಕನೆಕ್ಟರನ್ನೂ ತೆಗೆದಿಡಬೇಕು. ತುಂಡಿನ ಮೇಲೆ ಒಂದು ವಾಷರ್ ಇಟ್ಟು, ಅದರ ತೂತಿನೊಳಗೆ ಲೋಹ ತುಂಬಿ, ಅದರ ಮೇಲೊಂದು ದೊಡ್ಡ ನಟ್ ಇಟ್ಟು ಒಳಗಿನಿಂದ ಬೆಸೆಯುತ್ತಾರೆ. ವೆಲ್ಡಿನ ಲೋಹ ಉಕ್ಕಿಗೆ ಹಿಡಿದಷ್ಟು ಸುಲಭವಾಗಿ ಬೀಡಿಗೆ ಹಿಡಿಯುವುದಿಲ್ಲ, ಅದೇ ಇಲ್ಲಿನ ಅನುಕೂಲ. ನಟ್ ಕೆಂಡದ ಬಣ್ಣಕ್ಕೆ ಬಂದಾಗ ಕೈ ಚಾಚಬಾರದು. ಕೆಂಪು ಮಾಸಿ, ಬೂದಿ ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಆಗ ಮೇಣದ ಬತ್ತಿಯ ತುದಿಯನ್ನು ಸ್ಟಡ್ಡಿನ ಬುಡಕ್ಕೆ ಮುಟ್ಟಿಸಿದರೆ ಮೇಣ ಸುಯ್ಯೆಂದು ಕರಗಿ, ಸಣ್ಣ ಹೊಗೆಯೆಬ್ಬಿಸಿ, ಕೂದಲೆಳೆಯಷ್ಟು ಸಂದಿನಲ್ಲಿ ಒಳಗಿಳಿಯುತ್ತದೆ. ಪಾನಾ ಹಾಕಿ ಮೊದಲು ಬಿಗಿಯುವ ಕಡೆಗೇ ಒಂದು ಎಳೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಿರ್ ಎಂದು ಒಮ್ಮೆ ನರಳಿತೆಂದರೆ ತುಕ್ಕು ಬಿಟ್ಟಿತು. ಮುಂದೆ ಹಿಂದೆ, ಮುಂದೆ ಹಿಂದೆ. ಪ್ರತಿ ಸುತ್ತಿಗೂ ಥ್ರೆಡ್ಡಿನಿಂದ ಕಂದು ಹುಡಿ ಉದುರುತ್ತದೆ. ಕೊನೆಯ ಸುತ್ತುಗಳು ಬೆರಳಿಗೇ ಬರುವಷ್ಟು ಸಡಿಲ. ಮೊದಲ ನಟ್ ಕಿತ್ತುಬಂದರೆ ಸೋಲಲ್ಲ. ಎರಡನೆಯ, ಮೂರನೆಯ ಬೆಸುಗೆಯ ಬಿಸಿಗೆ ಸಡಿಲುವ ಸ್ಟಡ್‌ಗಳೂ ಇವೆ.

ಒಳಗೆ ಮುರಿದು ಕೂತದ್ದಕ್ಕೆ ಡ್ರಿಲ್ಲೇ ಗತಿ. ಒರಟಾಗಿ ಮುರಿದ ಮುಖವನ್ನು ಸಮ ಮಾಡಿ ನಟ್ಟನಡುವೆ ಪಂಚ್ ಗುರುತು ಹೊಡೆಯುವುದರ ಮೇಲೆ ಎಲ್ಲವೂ ನಿಂತಿದೆ. ಉಗುರಿನ ದಪ್ಪದಷ್ಟು ತಪ್ಪಿದರೂ ಡ್ರಿಲ್ ಬಿಟ್ ಮೆತ್ತನೆಯ ಬೀಡಿನ ಕಡೆ ಜಾರಿ ತೂತು ಸೊಟ್ಟಗಾಗುತ್ತದೆ. ಎಡಕ್ಕೆ ತಿರುಗಿ ಕೊರೆಯುವ ಬಿಟ್ ಆದರೆ ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಸುತ್ತಿಕೊಂಡು ಹೊರಬರುತ್ತದೆ. ಈಸಿ ಔಟ್ ಎಂಬ ಸಾಧನವನ್ನು ಕೊನೆಗೆ ಇಟ್ಟುಕೊಳ್ಳುವುದೇ ಜಾಣತನ: ಅದು ಒಳಗೆ ಮುರಿದರೆ ಅಷ್ಟು ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಮುಟ್ಟಲಾರದು. ಏನೂ ಬಗ್ಗದಿದ್ದರೆ 10 ಮಿಲಿಮೀಟರ್, 1.5 ಪಿಚ್ಚಿನ ಸ್ಟಡ್ಡಿಗೆ 8.5 ಮಿಲಿಮೀಟರ್ ಬಿಟ್, 8 ಮಿಲಿಮೀಟರ್, 1.25 ಪಿಚ್ಚಿನದಕ್ಕೆ 6.8 ಮಿಲಿಮೀಟರ್ ಬಿಟ್ ಹಾಕಿ ಪೂರ್ತಿ ಕೊರೆದು, ಥ್ರೆಡ್ಡಿನಲ್ಲಿ ಉಳಿದ ಸುರುಳಿಯನ್ನು ಕಿತ್ತು, ಟ್ಯಾಪ್ ಆಡಿಸಬೇಕು. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ ಎಂಬ ತಂತಿ ಸುರುಳಿಯ ಹೊಸ ಥ್ರೆಡ್ ಕೂರಿಸಬಹುದು. ಕೆಲವು ಇಂಜಿನ್‌ಗಳಲ್ಲಿ ಈ ತೂತು ನೀರಿನ ಜಾಕೆಟ್ಟಿಗೇ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲೇ ನೀರು ಇಳಿಸಿಕೊಂಡು, ಹೊಸ ಸ್ಟಡ್ಡಿಗೆ ಸೀಲಂಟ್ ಹಚ್ಚಬೇಕು.

ಸ್ಟಡ್ ತೆಗೆದು ಮ್ಯಾನಿಫೋಲ್ಡಿನ ಮುಖ ನೋಡದೆ ಕಟ್ಟಿದರೆ ಮತ್ತೆ ಅದೇ ಸ್ಟಡ್ ಮುರಿಯುತ್ತದೆ. ನೇರ ಪಟ್ಟಿಯನ್ನು ಮುಖದ ಮೇಲಿಟ್ಟು ಫೀಲರ್ ಗೇಜ್ ತೂರಿಸಿದರೆ ಬಾಗು ಎಷ್ಟೆಂದು ಸಿಗುತ್ತದೆ. ಬಾಗಿದ್ದರೆ ಗ್ರೈಂಡಿಂಗಿಗೆ ಕಳಿಸಬೇಕು. ದಪ್ಪ ಪ್ಯಾಕಿಂಗ್ ಹಾಕಿ ಎಳೆದು ಬಿಗಿಯುವುದು ಮದ್ದಲ್ಲ. ಸ್ಟಡ್, ನಟ್ ಎಲ್ಲವನ್ನೂ ಒಟ್ಟಿಗೇ ಹೊಸದು ಹಾಕುವುದು ಸರಿ. ಅಂಗಡಿಯ ಬಿಳಿ ಹೊಳಪಿನ ಸತು ಲೇಪಿತ ಬೋಲ್ಟು ಈ ಜಾಗದ್ದಲ್ಲ, ಸತು 419 ಡಿಗ್ರಿಗೇ ಕರಗುತ್ತದೆ. ಉದ್ದದ ಸ್ಟಡ್ಡಿಗೆ ಕೊಳವೆಯಂಥ ಸ್ಪೇಸರ್ ತೊಡಿಸಿದ ವ್ಯವಸ್ಥೆ ಇದ್ದರೆ ಅದನ್ನು ಬಿಟ್ಟು ಗಿಡ್ಡ ಬೋಲ್ಟು ಹಾಕಬಾರದು: ಉದ್ದದ ಸ್ಟಡ್ ಸ್ಪ್ರಿಂಗಿನಂತೆ ತುಸು ಹಿಗ್ಗಿ ಮತ್ತೆ ಹಿಡಿಯುತ್ತದೆ, ಗಿಡ್ಡದ್ದು ಮುರಿಯುತ್ತದೆ. ಥ್ರೆಡ್ಡಿಗೆ ತಾಮ್ರದ ಅಥವಾ ನಿಕಲ್ಲಿನ ಆಂಟಿ ಸೀಜ್ ತೆಳ್ಳಗೆ ಸವರಿ, ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ, ಆ ಇಂಜಿನ್ನಿನ ಮ್ಯಾನುಯಲ್ ಹೇಳುವ ಟಾರ್ಕಿಗೆ ಬಿಗಿಯಬೇಕು. ಕಳಚಿದ್ದ ಬ್ರಾಕೆಟ್ಟನ್ನು ಮರೆಯುವಂತಿಲ್ಲ.

ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ತಣಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ಪಾನಾದಿಂದ ನೋಡಬೇಕು. ಮರುದಿನ ಬೆಳಗ್ಗೆ ತಣ್ಣಗಿನ ಇಂಜಿನ್ ಚಾಲೂ ಮಾಡಿದೊಡನೆ, ಮ್ಯಾನಿಫೋಲ್ಡ್ ಕಾಯುವ ಮೊದಲೇ, ಸಂದಿನುದ್ದಕ್ಕೂ ಸೋಪಿನ ನೀರು ಚಿಮುಕಿಸಿ ಕಿವಿಗೊಡಬೇಕು. ಟಿಕ್ ಎನ್ನದೆ, ಗುಳ್ಳೆಯೂ ಏಳದಿದ್ದರೆ ಹೀಟ್ ಶೀಲ್ಡ್ ಕೂರಿಸಿ ಲೋಡಿಗೆ ಕಳಿಸಬಹುದು.